ಒಂದು ಇಪ್ಪತ್ತರ ಊಟ

ನಮ್ಮ ಕನ್ನಡ ಸಂಘದವರು ಸ್ಮರಣ ಸಂಚಿಕೆಗೆ, ತೀರಿಹೋದ ನನ್ನ ಹಿರಿಯ ಸಹೋದ್ಯೋಗಿಯ ಬಗ್ಗೆ ಒಂದು ಪುಟ ಬರೆದುಕೊಡಿ ಎಂದು ಕೇಳಿದರು. ಕಷ್ಟವಾಗದಿರಲಿ ಎಂದು ಒಂದು ಮಾದರಿಯನ್ನೂ ಕಳಿಸಿದ್ದರು: ಸರಳ ಸಜ್ಜನ, ಸದಾ ಹಸನ್ಮುಖಿ, ಎಲ್ಲರೊಡನೆ ಬೆರೆಯುವ ಗುಣ. ಮೂರರಲ್ಲಿ ಒಂದೂ ಅವರಿಗೆ ಹೊಂದುವುದಿಲ್ಲ. ಅವರಷ್ಟು ತೊಡಕಿನ ಮನುಷ್ಯನನ್ನು ನಾನು ನೋಡಿಲ್ಲ. ಬೆರೆಯುವುದಂತೂ ದೂರದ ಮಾತು, ಪಾರ್ಟಿಗೆ ಕರೆದರೆ ಎಷ್ಟು ಗಂಟೆಗೆ ಶುರು ಎಂದು ಕೇಳುವ ಬದಲು ಎಷ್ಟು ಗಂಟೆಗೆ ಬಿಡುತ್ತೀರಿ ಎಂದು ಕೇಳುತ್ತಿದ್ದರು. ಇನ್ನು ನಗು. ಇಷ್ಟು ವರ್ಷಗಳಲ್ಲಿ ಅವರು ಬಾಯಿ ತುಂಬ ನಕ್ಕಿದ್ದನ್ನು ಎರಡು ಸಲ ನೋಡಿದ್ದೇನೆ. ಎರಡು ಸಲವೂ ಯಾರದೋ ವಿಮಾನ ರದ್ದಾಗಿತ್ತು.

ಅವರ ಹೆಸರು ಬರೆಯುವುದಿಲ್ಲ. ನೌಕರನ ಹೆಸರು ಇರಬೇಕಾದ್ದು ಡ್ಯೂಟಿ ಚಾರ್ಟಿನಲ್ಲಿ ಮಾತ್ರ, ಬೇರೆಲ್ಲಿ ಬಂದರೂ ಅದು ಚಾರ್ಜ್‌ಶೀಟೇ ಎನ್ನುವುದು ಅವರದೇ ಸಿದ್ಧಾಂತ. ಇನ್ನೊಂದು ಕಾರಣವೂ ಇದೆ. ಮುಂದೆ ನಾನು ಮಾಡಿದ ಒಂದು ಅಪರಾಧದ ವಿಷಯ ಬರುತ್ತದೆ. ನಮ್ಮ ಆಫೀಸಿನಲ್ಲಿ ಯಾರಿಗೂ ಕನ್ನಡ ಬರುವುದಿಲ್ಲವಾದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ. ಅನುವಾದ ಬೇಕಾದರೆ ಆಫೀಸಿನವರು ನನ್ನ ಹತ್ತಿರವೇ ಬರಬೇಕು. ಒಮ್ಮೆ ಹಾಗೆ ಬಂದೂ ಇದ್ದರು.

ನಾವಿಬ್ಬರೂ ಡಾಲಸ್ ಸುತ್ತಮುತ್ತ ಓಡುವ ಒಂದು ಪುಟ್ಟ ಪ್ಯಾಸೆಂಜರ್ ರೈಲಿನ ಕಂಟ್ರೋಲ್ ರೂಮಿನಲ್ಲಿ ಕೆಲಸ ಮಾಡುತ್ತಿದ್ದೆವು. ಎತ್ತ ಕಡೆ ಓಡುತ್ತದೆ ಎಂದು ಹೇಳುವುದಿಲ್ಲ. ಹೇಳಿದರೂ ನೀವು ನಂಬುವುದಿಲ್ಲ. ಡಾಲಸ್ ಪಕ್ಕದ ಫ್ಲವರ್ ಮೌಂಡಿನಲ್ಲಿ ಯಾರದಾದರೂ ಮನೆಗೆ ಹೋಗಿ ನಾನು ರೈಲಿನಲ್ಲಿ ಕೆಲಸ ಮಾಡುತ್ತೇನೆ ಎಂದರೆ, "ಟೆಕ್ಸಸ್‌ನಲ್ಲಿ ರೈಲಿದ್ಯಾ?" ಎಂದು ಕೇಳಿ ಪಾಪ ಎನ್ನುವ ಮುಖ ಮಾಡುತ್ತಾರೆ. ಹಳಿ ಒಂದೇ, ಎದುರುಬದುರು ಬರುವ ಗಾಡಿಗಳು ಅಲ್ಲಲ್ಲಿ ಪಕ್ಕಕ್ಕೆ ಸರಿದು ದಾರಿ ಬಿಡಬೇಕು. ಯಾವ ಗಾಡಿ ಯಾವಾಗ ಎಲ್ಲಿ ನಿಲ್ಲಬೇಕು, ಎಲ್ಲಿಂದ ಹೊರಡಬೇಕು ಎಂದು ಫೋನು, ರೇಡಿಯೋ, ಕಂಪ್ಯೂಟರುಗಳ ಮುಂದೆ ಕೂತು ಹೇಳುವುದು ನಮ್ಮ ಕೆಲಸ.

ನಮ್ಮ ದಾರಿಯ ಕೊನೆಗೆ ಒಂದು ಗಡಿ ಇದೆ. ಬೇಲಿಯಿಲ್ಲ, ಪಾಸ್‌ಪೋರ್ಟ್ ಕೇಳುವವರಿಲ್ಲ, ಕೌಂಟಿ, ಅಂದರೆ ಇಲ್ಲಿನ ಜಿಲ್ಲೆ, ಮುಗಿಯಿತು ಎನ್ನುವ ಒಂದು ತಗಡಿನ ಬೋರ್ಡು ಅಷ್ಟೆ. ಆದರೆ ಬೋರ್ಡಿನ ಆಚೆಗಿನ ಹಳಿ ಬೇರೆ ಕಂಪನಿಯದು. ಅವರ ಕಂಟ್ರೋಲ್ ರೂಮು ಬೇರೆ, ಅವರ ರೂಲು ಬೇರೆ, ಅವರ ಹಿಮ ಕೂಡ ಬೇರೆ. ಚಳಿಗಾಲದಲ್ಲಿ ಐಸ್ ಬಿದ್ದ ದಿನ ನಾವು ರೈಲು ಓಡಿಸಿದರೆ ಅವರು ನಿಲ್ಲಿಸಿರುತ್ತಿದ್ದರು, ಅವರು ಓಡಿಸಿದರೆ ನಾವು ನಿಲ್ಲಿಸಿರುತ್ತಿದ್ದೆವು. ನಮ್ಮ ಗಾಡಿ ಬೋರ್ಡು ದಾಟಿ ಅವರ ಮೊದಲ ಸ್ಟೇಷನ್ನಿನವರೆಗೆ ಹೋಗಬೇಕು. ಅಲ್ಲಿ ಜನ ಇಳಿದು ಅವರ ಗಾಡಿ ಹತ್ತಬೇಕು. ಅದಕ್ಕೆ ಪ್ರತಿ ಸಲವೂ ಅವರ ಒಪ್ಪಿಗೆ ಬೇಕು.

ನಾನು ಹೇಳುತ್ತಿದ್ದ ಸಹೋದ್ಯೋಗಿ ಹುಬ್ಬಳ್ಳಿಯ ಕಡೆ ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ಅಸಿಸ್ಟೆಂಟ್ ಸ್ಟೇಷನ್ ಮಾಸ್ಟರ್ ಆಗಿದ್ದವರು. ನರ್ಸ್ ಆಗಿದ್ದ ಹೆಂಡತಿಗೆ ಡಾಲಸ್‌ನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಇವರು ಹಿಂದೆ ಬಂದರು. "ನಾ ಲಗೇಜ್ ಜೋಡಿ ಬಂದಾಂವ" ಎಂದು ಯಾವ ಸಂಕೋಚವೂ ಇಲ್ಲದೆ ಹೇಳುತ್ತಿದ್ದರು. ಮೊದಲು ಏರ್‌ಪೋರ್ಟಿನಲ್ಲಿ ಪಾರ್ಕಿಂಗ್ ಲಾಟಿನ ಬಸ್ಸು ಓಡಿಸಿದರು. ಹೋಗುವುದಕ್ಕೆ ಅಪ್, ಬರುವುದಕ್ಕೆ ಡೌನ್ ಎನ್ನುತ್ತಿದ್ದರಂತೆ. ಆಮೇಲೆ ಪರೀಕ್ಷೆ ಬರೆದು ನಮ್ಮಲ್ಲಿಗೆ ಬಂದರು. ನಾನು ಸೇರುವ ಹೊತ್ತಿಗೆ ಅವರು ಅಲ್ಲಿ ಹಳಬರು. ನಾನು ಮೈಸೂರಿನವಳು ಎಂದು ಗೊತ್ತಾದ ದಿನ ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, "ಮೈಸೂರಂದ್ರ ಗಾಡಿ ಲೇಟಾದ್ರೂ ಯಾರೂ ಬೈಯೂದಿಲ್ಲ. ನೀ ಹಂಗ ಆಗಬ್ಯಾಡ ತಂಗಿ" ಎಂದರು. ಅಂದಿನಿಂದ ನಾನು ತಂಗಿ, ಅವರು ಸರ್.

ಅವರ ಚಳಿಯ ವಿಷಯ ಹೇಳಬೇಕು. ಟೆಕ್ಸಸ್‌ನಲ್ಲಿ ಚಳಿಗಾಲವೇ ಇಲ್ಲ, ಅದು ಬರೀ ಅಪಪ್ರಚಾರ ಎಂದು ವಾದಿಸುತ್ತಿದ್ದರು. ವಾದಿಸುವಾಗ ಮಂಕಿ ಕ್ಯಾಪ್ ಹಾಕಿ ಮಫ್ಲರ್ ಸುತ್ತಿರುತ್ತಿದ್ದರು, ಅಕ್ಟೋಬರಿನಿಂದಲೇ. ಅದೇ ಕೈಯಲ್ಲಿ ಪ್ರತಿ ವರ್ಷ ಮೇಲಿನವರಿಗೆ ಒಂದು ಪತ್ರ ಬರೆಯುತ್ತಿದ್ದರು. ಒಂದು ಹಳಿಯಿಂದ ಇನ್ನೊಂದಕ್ಕೆ ಗಾಡಿ ತಿರುಗುವ ಜಾಗಕ್ಕೆ ಪಾಯಿಂಟ್ ಎನ್ನುತ್ತಾರೆ. ಅಲ್ಲಿ ಐಸ್ ಕೂತರೆ ಹಳಿ ಅಲ್ಲಾಡುವುದಿಲ್ಲ, ಅಲ್ಲಾಡದಿದ್ದರೆ ಗಾಡಿ ಇಲ್ಲ. ಪಾಯಿಂಟುಗಳಿಗೆಲ್ಲ ಹೀಟರ್ ಹಾಕಿಸಿ ಎನ್ನುವುದು ಪತ್ರದ ಸಾರಾಂಶ. ವರ್ಷಕ್ಕೆ ಎರಡು ದಿನದ ಐಸಿಗೆ ಯಾರು ಹೀಟರ್ ಹಾಕಿಸುತ್ತಾರೆ ಎಂಬುದು ಉತ್ತರದ ಸಾರಾಂಶ. ಇವರು ಮುಂದಿನ ವರ್ಷ ಹಳೆಯ ಪತ್ರದ ತಾರೀಕು ಮಾತ್ರ ಬದಲಿಸಿ ಕಳಿಸುತ್ತಿದ್ದರು. ಮೇಲಿನವರೂ ಹಾಗೆಯೇ ಮಾಡುತ್ತಿದ್ದರೆಂದು ನನ್ನ ಅನುಮಾನ.

ಒಂದಷ್ಟು ದಿನ ಒಂದೇ ಕಾರಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದೆವು. ಅವರು ಡ್ರೈವ್ ಮಾಡುವ ದಿನ ನಾನು ಅರ್ಧ ಗಂಟೆ ಮೊದಲೇ ಹೊರಡಬೇಕಾಗುತ್ತಿತ್ತು. ದಾರಿಯಲ್ಲಿ ಒಂದು ಲೆವೆಲ್ ಕ್ರಾಸಿಂಗ್ ಇತ್ತು. ಅಲ್ಲಿ ಕಾರು ನಿಲ್ಲಿಸಿ, ಕಿಟಕಿ ಇಳಿಸಿ, ಎರಡೂ ಕಡೆ ನೋಡಿ, ಕಿವಿಗೊಟ್ಟು ಕೇಳಿ ಆಮೇಲೆ ದಾಟುತ್ತಿದ್ದರು. ಹಿಂದಿನ ಪಿಕಪ್ ಟ್ರಕ್ಕಿನವರು ಹಾರ್ನ್ ಮಾಡಿ, ಬೆರಳು ತೋರಿಸಿ, ಮುಂದೆ ಹೋಗುತ್ತಿದ್ದರು. ನಾನೂ ತಿಂಗಳುಗಟ್ಟಲೆ ಸುಮ್ಮನಿದ್ದು ಒಂದು ದಿನ ಹೇಳಿದೆ:

"ಸರ್, ಇಲ್ಲಿ ಹಳಿ ಕಿತ್ತು ಹಾಕಿ ಎಷ್ಟೋ ವರ್ಷ ಆಯ್ತು. ಇದು ಸೈಕಲ್ ದಾರಿ."

"ಬೋರ್ಡ್ ಐತಿಲ್ಲ?"

"ಬೋರ್ಡ್ ತೆಗೆಯೋದು ಮರ್ತಿದ್ದಾರೆ."

"ಅವರು ಮರೀಲಿ. ಬೋರ್ಡ್ ಇರೂತನಾ ನಾ ನಿಲ್ಲಾಂವ" ಎಂದು ಇನ್ನೊಮ್ಮೆ ಎರಡೂ ಕಡೆ ನೋಡಿದರು. ದೂರದಲ್ಲಿ ಒಬ್ಬ ಮುದುಕ ಸೈಕಲ್ ತುಳಿಯುತ್ತಾ ಬರುತ್ತಿದ್ದ. ಅವನು ಹಾದು ಹೋಗುವವರೆಗೂ ನಾವು ಕಾದೆವು.

ಬೇರೆ ಊರಿನ ರೈಲುಗಳ ಬಗ್ಗೆ ಅವರಿಗೆ ಅಭಿಪ್ರಾಯಗಳಿದ್ದವು. ಹ್ಯೂಸ್ಟನ್‌ನಲ್ಲಿ ಬೀದಿಯ ಮೇಲೆ ಓಡುವುದು ರೈಲಲ್ಲ, ಮೆರವಣಿಗೆ. ಆಸ್ಟಿನ್ನಿನದು ಪರವಾಗಿಲ್ಲ. ಆಸ್ಟಿನ್ನಿಗೆ ಒಮ್ಮೆ ಮದುವೆಯ ವಾರ್ಷಿಕೋತ್ಸವಕ್ಕೆಂದು ಹೆಂಡತಿಯನ್ನು ಕರೆದುಕೊಂಡು ಹೋದರು. ಆಂಟಿ ಹೊಸ ಸೀರೆ ಉಟ್ಟಿದ್ದರಂತೆ, ಕೆರೆ, ದೋಣಿ ಎಂದೆಲ್ಲ ಕನಸು ಕಂಡಿದ್ದರಂತೆ. ಇವರು ಅಲ್ಲಿನ ರೈಲನ್ನು ಈ ತುದಿಯಿಂದ ಆ ತುದಿಗೆ ಹತ್ತಿ, ವಾಪಸ್ ಬಂದು, ಪುನಃ ಹೋಗಿ ಬಂದರು. ಎರಡನೇ ಸಲಕ್ಕೆ ಆಂಟಿ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಪುಸ್ತಕ ತೆರೆದು ಕೂತರು. ಸಂಜೆ ಮನೆಗೆ ಹೊರಟಾಗ ಇವರು ತೃಪ್ತಿಯಿಂದ, "ನೋಡ, ಆಸ್ಟಿನ್ ಪೂರಾ ಆತು" ಎಂದರಂತೆ.

ಊಟದ ವಿಷಯದಲ್ಲಿ ಇನ್ನೂ ವಿಚಿತ್ರ. ಹನ್ನೊಂದಕ್ಕೆ ಸರಿಯಾಗಿ ಗೋಡೆಗೆ ಮುಖ ಮಾಡಿ ಕೂತು ಕಟಕ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದರು. ರೊಟ್ಟಿ ಮುರಿದ ಸದ್ದು ರೇಡಿಯೋದಲ್ಲಿ ಡ್ರೈವರುಗಳಿಗೂ ಕೇಳಿಸುತ್ತಿತ್ತು. ತಪ್ಪಿಯೂ ಯಾರಿಗೂ ಒಂದು ಚೂರು ಬೇಕೇ ಎಂದು ಕೇಳಿದವರಲ್ಲ. ನಮ್ಮವರು ಯಾರೇ ಸಿಕ್ಕರೂ ಊಟ ಆಯ್ತಾ ಎಂದು ಕೇಳುವುದುಂಟಲ್ಲ, ಅದೂ ಅವರ ಬಾಯಲ್ಲಿ ಬರುತ್ತಿರಲಿಲ್ಲ. "ಅವರ ಹೊಟ್ಟಿ, ಅವರ ಸೆಕ್ಷನ್" ಎನ್ನುತ್ತಿದ್ದರು.

ಇಷ್ಟೆಲ್ಲದರ ನಡುವೆ ಅವರನ್ನು ನಿಜವಾಗಿ ತಮಾಷೆಯ ವಸ್ತು ಮಾಡಿದ್ದು ನಂಬರು. ಊರಿನ ರೈಲ್ವೆಯಲ್ಲಿ ಒಂದು ಪದ್ಧತಿಯಿದೆ. ಸ್ಟೇಷನ್ ಮಾಸ್ಟರು ಗೇಟಿನವನಿಗೆ ಫೋನ್ ಮಾಡಿ ಗೇಟ್ ಹಾಕಿದೆಯಾ ಎಂದು ಕೇಳಿದರೆ ಅವನು ಬರೀ ಹಾಕಿದೆ ಎಂದರೆ ಸಾಲದು. ತನ್ನ ಹತ್ತಿರವಿರುವ ಹಾಳೆ ತೆಗೆದು, ಅದರಲ್ಲಿ ಮುಂದಿನ ಎರಡಂಕಿಯ ಸಂಖ್ಯೆ ನೋಡಿ ಹೇಳಬೇಕು, ಹೇಳಿ ಅದನ್ನು ಹೊಡೆದು ಹಾಕಬೇಕು. ಇದಕ್ಕೆ ಪ್ರೈವೇಟ್ ನಂಬರ್ ಎನ್ನುತ್ತಾರೆ. ಅಭ್ಯಾಸಬಲದಿಂದ ಬಾಯಿ ಹೂಂ ಅಂದುಬಿಡಬಹುದು, ಹಾಳೆ ಹುಡುಕುವ ಹೊತ್ತಿನಲ್ಲಾದರೂ ತಲೆ ಕೆಲಸ ಮಾಡುತ್ತದೆ ಎನ್ನುವುದು ಇದರ ತರ್ಕ. ಇವರು ಈ ಪದ್ಧತಿಯನ್ನು ಇಲ್ಲಿಗೂ ಹೊತ್ತು ತಂದಿದ್ದರು. ನಮ್ಮ ರೂಲ್ ಬುಕ್ಕಿನಲ್ಲಿ ಅದರ ಸುಳಿವೇ ಇರಲಿಲ್ಲ. ಇವರೇ ಹಾಳೆ ತಯಾರಿಸಿ, ಗಡಿಯಾಚೆಯ ಕಂಟ್ರೋಲರ್ ಡಾರ್ಲಾಗೆ ಅಂಚೆಯಲ್ಲಿ ಕಳಿಸಿ, ಪ್ರತಿ ಗಾಡಿಗೂ ನಂಬರ್ ಕೇಳಿ ಜೇಬಿನ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳತೊಡಗಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ.

ಡಾರ್ಲಾ ಮೊದಮೊದಲು ಬಾಯಿಗೆ ಬಂದ ಸಂಖ್ಯೆ ಹೇಳುತ್ತಿದ್ದಳು. ಮೊಮ್ಮಕ್ಕಳ ವಯಸ್ಸು, ಫುಟ್‌ಬಾಲ್ ಸ್ಕೋರು, ತನ್ನ ಸೊಂಟದ ಅಳತೆ. ಇವರು ತಮ್ಮ ಪ್ರತಿಯೊಡನೆ ಹೋಲಿಸಿ ನೋಡಿ, ತಪ್ಪು ನಂಬರ್, ಗಾಡಿ ಬಿಡುವುದಿಲ್ಲ ಎಂದು ಫೋನ್ ಇಟ್ಟುಬಿಡುತ್ತಿದ್ದರು. ಆರು ತಿಂಗಳಲ್ಲಿ ಅವಳು ದಾರಿಗೆ ಬಂದಳು. ಬರುಬರುತ್ತಾ ತನ್ನದೇ ಒಂದು ಸುಧಾರಣೆಯನ್ನೂ ಸೇರಿಸಿದಳು. ಹಳಿಯ ಮೇಲೆ ರಿಪೇರಿಯವರು ಇದ್ದರೆ, ಅವರು ಹೊರಗೆ ಬರುವತನಕ ಮುಂದಿನ ನಂಬರ್ ಕೊಡಬಾರದು ಎಂದು ಹಾಳೆಯ ಮೇಲೇ ಬರೆದಿಡುತ್ತಿದ್ದಳು. ನಾವೆಲ್ಲ ಇದನ್ನು ಮುದುಕರ ಆಟ ಎಂದು ನಗುತ್ತಿದ್ದೆವು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ನಾನು.

ಆಮೇಲೆ ಆ ಐಸಿನ ದಿನ ಬಂತು. ಅವರ ನಿವೃತ್ತಿಗೆ ಏಳು ತಿಂಗಳಿತ್ತು.

ಬೆಳಿಗ್ಗೆಯಿಂದ ಮಳೆ ಬಿದ್ದಲ್ಲೇ ಹೆಪ್ಪುಗಟ್ಟುತ್ತಿತ್ತು. ಕರೆಂಟು ಹೋಗಿ ಬಂದು ಹೋಗಿ, ಗಡಿಯ ಕಡೆಗೆ ಕಂಪ್ಯೂಟರ್ ಏನೂ ತೋರಿಸುತ್ತಿರಲಿಲ್ಲ. ಫೋನು, ರೇಡಿಯೋ ಮಾತ್ರ ಉಳಿದಿದ್ದವು. ಮಧ್ಯಾಹ್ನ ಒಂದಕ್ಕೆ ಅವರ ಡ್ಯೂಟಿಯ ಗಂಟೆಗಳು ಮುಗಿದವು. ಇಲ್ಲಿನ ಕಾನೂನು ಇದರಲ್ಲಿ ಬಹಳ ಕಟ್ಟುನಿಟ್ಟು. ಗಂಟೆ ಮುಗಿದ ಮೇಲೆ ರೈಲು ಓಡಿಸುವ ಕೆಲಸದಲ್ಲಿ ಒಂದು ಮಾತನ್ನೂ ಆಡುವಂತಿಲ್ಲ. ಅವರು ಮೇಜನ್ನು ನನಗೆ ಒಪ್ಪಿಸಿ ಸಹಿ ಮಾಡಿದರು. ಮನೆಗೆ ಹೋಗೋಣವೆಂದರೆ ರಸ್ತೆಗಳು ಮುಚ್ಚಿದ್ದವು. ಮಂಕಿ ಕ್ಯಾಪ್ ಎಳೆದುಕೊಂಡು ಮೂಲೆಯ ಕುರ್ಚಿಯಲ್ಲಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಕೂತರು. ಚಳಿಗಲ್ಲ, ಕೈ ಎಲ್ಲಿ ಫೋನಿನ ಕಡೆ ಹೋಗುತ್ತದೋ ಎನ್ನುವ ಭಯಕ್ಕೆ.

ಗಡಿಯ ಇತ್ತ ನಮ್ಮ ಕೊನೆಯ ಸ್ಟೇಷನ್ನಿನಲ್ಲಿ ಒಂದು ಗಾಡಿ ಜನರನ್ನು ತುಂಬಿಕೊಂಡು ನಿಂತಿತ್ತು. ಆಚೆ ಕಡೆಯ ಪಾಯಿಂಟ್ ಹೆಪ್ಪುಗಟ್ಟಿದೆ ಎಂದು ಬಹಳ ಹೊತ್ತಿನಿಂದ ಕಾಯುತ್ತಿತ್ತು. ಒಳಗೆ ಹೀಟರ್ ಕೈಕೊಟ್ಟಿತ್ತು. ಡ್ರೈವರ್ ಎರಡು ನಿಮಿಷಕ್ಕೊಮ್ಮೆ ರೇಡಿಯೋದಲ್ಲಿ ಯಾರೋ ಅಜ್ಜಿ ನಡುಗುತ್ತಿದ್ದಾರೆ ಎನ್ನುತ್ತಿದ್ದ. ನಾನು ಗಡಿಯಾಚೆಗೆ ಫೋನ್ ಮಾಡಿದೆ. ಡಾರ್ಲಾ ಇರಲಿಲ್ಲ, ಆಗಷ್ಟೇ ಡ್ಯೂಟಿಗೆ ಕೂತ ಯಾರೋ ಬದಲಿ ವ್ಯಕ್ತಿ ಎತ್ತಿದ. ಪಾಯಿಂಟ್ ಸರಿಹೋಗಿದೆ, ಲೈನ್ ಖಾಲಿ ಇದೆ, ಕಳಿಸಿ ಎಂದ. ನನಗೆ ಹೋದ ಜೀವ ಬಂದಂತಾಯಿತು. ಥ್ಯಾಂಕ್ಸ್ ಹೇಳಿ ಫೋನಿಟ್ಟು ರೇಡಿಯೋದ ಮೈಕ್ ಕೈಗೆತ್ತಿಕೊಂಡೆ. ಗಡಿಯಾರದಲ್ಲಿ ಒಂದು ಇಪ್ಪತ್ತು.

ಮೂಲೆಯಿಂದ ದನಿ ಬಂತು. "ತಂಗಿ, ನಂಬರ್ ತಗೊಂಡೇನ?"

ಮೈಯೆಲ್ಲ ಉರಿದುಹೋಯಿತು. ಅಜ್ಜಿ ನಡುಗುತ್ತಿದ್ದಾರೆ, ಇವರಿಗೆ ಆಟ. ಆದರೂ ಹನ್ನೊಂದು ವರ್ಷ ಕೇಳಿಸಿಕೊಂಡ ಮಾತು, ಕೈ ತಾನಾಗಿ ಮೈಕ್ ಕೆಳಗಿಟ್ಟಿತು. ಪುನಃ ಫೋನ್ ಮಾಡಿ ನಂಬರ್ ಕೇಳಿದೆ. ಯಾವ ನಂಬರ್ ಎಂದ. ಡಾರ್ಲಾ ಹತ್ತಿರ ಒಂದು ಹಾಳೆ ಇರುತ್ತೆ ನೋಡಿ ಎಂದೆ. ಗೊಣಗುತ್ತಾ ಮೇಜಿನ ಮೇಲೆಲ್ಲ ತಡಕಾಡಿದ. ಕಾಗದದ ಸದ್ದು ಕೇಳಿಸಿತು.

"ನಿಲ್ಲಿ," ಎಂದ. ದನಿ ಬದಲಾಗಿತ್ತು. "ಕಳಿಸಬೇಡಿ. ಇಲ್ಲಿ ಅವಳು ಬರೆದಿಟ್ಟಿದ್ದಾಳೆ. ಇಬ್ಬರು ಇನ್ನೂ ಹಳಿಯ ಮೇಲಿದ್ದಾರೆ."

ಇಬ್ಬರು ರಿಪೇರಿಯವರು ಸೇತುವೆಯ ಪಕ್ಕದ ತಿರುವಿನಲ್ಲಿ ಪಾಯಿಂಟಿನ ಮುಂದೆ ಮಂಡಿಯೂರಿ ಕೂತು ಬೆಂಕಿಯ ಟಾರ್ಚಿನಿಂದ ಐಸ್ ಕರಗಿಸುತ್ತಿದ್ದರು. ಬೀಸುವ ಗಾಳಿಗೆ ಕಿವಿ ಮುಚ್ಚಿಕೊಂಡಿದ್ದರಂತೆ. ಗಾಡಿ ಬಂದಿದ್ದರೂ ಕೇಳಿಸುತ್ತಿರಲಿಲ್ಲ. ಅವರು ಹೊರಗೆ ಬರುವವರೆಗೆ ಮೂವತ್ತೈದು ನಿಮಿಷ ಕಾದೆವು. ಆಮೇಲೆ ನಂಬರ್ ಬಂತು, ಅರವತ್ಮೂರು. ಗಾಡಿ ಹೋಯಿತು. ಅಜ್ಜಿಯೂ ಸುಖವಾಗಿ ತಲುಪಿದರು. ನಾನು ಬಾತ್‌ರೂಮಿಗೆ ಹೋಗಿ ವಾಂತಿ ಮಾಡಿದೆ.

ಏನೂ ಆಗದೆ ಇದ್ದದ್ದಕ್ಕೇ ವಿಚಾರಣೆ ಬಂತು. ಲೈನ್ ಖಾಲಿ ಎಂದ ಮೇಲೂ ಗಾಡಿ ಮೂವತ್ತೈದು ನಿಮಿಷ ಏಕೆ ನಿಂತಿತು ಎಂದು ಯಾರೋ ದೂರು ಕೊಟ್ಟರು. ನಮ್ಮ ಕೋಣೆಯ ಮಾತೆಲ್ಲ ರೆಕಾರ್ಡ್ ಆಗುತ್ತದೆ. ಅದರಲ್ಲಿ ಒಪ್ಪಿಗೆ ಕೇಳಿಸುತ್ತದೆ, ಆಮೇಲೆ ಗೊತ್ತಿಲ್ಲದ ಭಾಷೆಯಲ್ಲಿ ಒಂದು ಗಂಡು ದನಿ, ಅದಾದ ಮೇಲೆ ನಾನು ಮನಸ್ಸು ಬದಲಿಸಿದ್ದು. ಡ್ಯೂಟಿ ಮುಗಿದ ಮನುಷ್ಯ ಇಪ್ಪತ್ತು ನಿಮಿಷದ ಮೇಲೆ ಏನು ಹೇಳಿದ? ಅದು ರೈಲಿನ ಮಾತಾಗಿದ್ದರೆ ಕಾನೂನು ಮುರಿದಂತೆ, ಅವರ ಸರ್ಟಿಫಿಕೇಟು ಹೋಗುತ್ತದೆ, ನಿವೃತ್ತಿಗೆ ಏಳು ತಿಂಗಳಿರುವಾಗ ಮನೆಗೆ ಕಳಿಸುತ್ತಾರೆ. ಇಬ್ಬರ ಜೀವ ಉಳಿಯಿತು ಎನ್ನುವುದಕ್ಕೆ ಆ ಫಾರಮ್ಮಿನಲ್ಲಿ ಜಾಗವಿರಲಿಲ್ಲ. ಹೊರಗಿನಿಂದ ಅನುವಾದಕರನ್ನು ಕರೆಸಬೇಕೆಂದರೆ ಮೂರು ಸಹಿ ಬೇಕಂತೆ, ಯಾರಿಗೂ ಪುರುಸೊತ್ತಿರಲಿಲ್ಲ. ಹಾಗಾಗಿ ಆರೋಪಕ್ಕೆ ಒಳಗಾದ ಮಾತನ್ನು ಕೇಳಿಸಿಕೊಂಡವಳನ್ನೇ ಅನುವಾದಿಸಲು ಕೂರಿಸಿದರು. ಇಂಥ ಬುದ್ಧಿ ನಮ್ಮ ಆಫೀಸಿಗೆ ಮಾತ್ರ ಬರುತ್ತದೆ.

ಮೇಜಿನಾಚೆ ಒಬ್ಬ ಸುರಕ್ಷತಾ ಅಧಿಕಾರಿ, ಎಚ್ಆರ್‌ನ ಒಬ್ಬ ಹೆಂಗಸು, ಪರದೆಯ ಮೇಲೆ ಒಬ್ಬ ವಕೀಲ. ರೆಕಾರ್ಡ್ ಹಾಕಿದರು. ತಂಗಿ, ನಂಬರ್ ತಗೊಂಡೇನ? ಪುಣ್ಯಕ್ಕೆ ಮಂಕಿ ಕ್ಯಾಪಿನೊಳಗಿಂದ ಬಂದ ಮಾತು, ನಂಬರ್ ಎಂಬುದೂ ಸ್ಪಷ್ಟವಿರಲಿಲ್ಲ.

"ಏನು ಹೇಳಿದರು?" ಎಂದರು ಅಧಿಕಾರಿ.

"ಊಟ ಆಯ್ತಾ ಅಂತ ಕೇಳಿದರು" ಎಂದೆ.

"ಅಷ್ಟೇನಾ?"

"ಅಷ್ಟೇ. ನಮ್ಮ ಕಡೆ ಯಾರನ್ನು ನೋಡಿದರೂ ಕೇಳುತ್ತೇವೆ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಆತುರ ಮಾಡುತ್ತಿದ್ದೇನೆ ಅನ್ನಿಸಿತು. ಇನ್ನೊಮ್ಮೆ ಫೋನ್ ಮಾಡಿ ಖಚಿತ ಮಾಡಿಕೊಂಡೆ."

ವಕೀಲ ಬರೆದುಕೊಂಡ. ಎಚ್ಆರ್‌ನ ಹೆಂಗಸಿನ ಕಣ್ಣಲ್ಲಿ ನೀರು ಬಂತು. ಎಂಥ ಅಂತಃಕರಣದ ಸಂಸ್ಕೃತಿ ಎಂದಳು. ಸಹಿ ಮಾಡು ಎಂದರು, ಮಾಡಿದೆ. ಎರಡೇ ವಾರದಲ್ಲಿ ಕಾಫಿ ಮೆಷಿನ್ನಿನ ಮೇಲೆ ಬಣ್ಣದ ಪೋಸ್ಟರ್ ಬಂತು: ನಿಮ್ಮ ಪಕ್ಕದವರನ್ನು ಊಟ ಆಯಿತೇ ಎಂದು ಕೇಳಿ, ಅದು ಜೀವ ಉಳಿಸಬಹುದು. ಕೆಳಗೆ ಒಂದು ಬಟ್ಟಲು ಸೂಪಿನ ಚಿತ್ರ.

ಪೋಸ್ಟರಿಗಿಂತ ಮೊದಲೇ ಅವರಿಗೆ ವಿಷಯ ಹೇಳಿದ್ದೆ, ವಿಚಾರಣೆ ಮುಗಿದ ದಿನ ಪಾರ್ಕಿಂಗ್ ಲಾಟಿನಲ್ಲಿ. ಖುಷಿಪಡುತ್ತಾರೆ, ಕಡೇಪಕ್ಷ ಒಂದು ಚೂರು ರೊಟ್ಟಿಯಾದರೂ ಕೊಡುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಕಪ್ಪಿಟ್ಟಿತು.

"ಸುಳ್ಳ ಸಹಿ ಮಾಡಿದೇನ?"

"ನಿಮಗೋಸ್ಕರ ಸರ್!"

"ನನಗೋಸ್ಕರ ಯಾಕ? ನಾ ಕೇಳಿದ್ದು ನಂಬರ್. ನಂಬರ್ ಅಂತ ಹೇಳಬೇಕಿತ್ತು. ಮನೀಗೆ ಕಳಸ್ತಿದ್ರು, ಹೋಗ್ತಿದ್ದೆ. ರೆಕಾರ್ಡ್‌ನ್ಯಾಗ ತಪ್ಪು ಕೂತ್ರ ಅದು ಆ್ಯಕ್ಸಿಡೆಂಟ್ ಇದ್ದಂಗ ತಂಗಿ. ಇವತ್ತಿಲ್ಲ ನಾಳೆ ಆಗತೈತಿ."

"ಹಾಗಾದ್ರೆ ಹೋಗಿ ಹೇಳಿ," ನನಗೂ ರೇಗಿತು. "ನಿಮ್ಮನ್ನೂ ಕಳಿಸ್ತಾರೆ, ಸುಳ್ಳು ಹೇಳಿದ್ದಕ್ಕೆ ನನ್ನನ್ನೂ ಕಳಿಸ್ತಾರೆ. ಇಬ್ಬರೂ ಸೇರಿ ಏರ್‌ಪೋರ್ಟ್ ಬಸ್ ಓಡಿಸೋಣ."

ಮೂರು ದಿನ ಮಾತಿಲ್ಲ. ಅಧಿಕಾರಿಯ ಕೋಣೆಯ ಮುಂದೆ ಅವರು ನಿಂತು ವಾಪಸ್ ಬಂದದ್ದನ್ನು ಎರಡು ಸಲ ನೋಡಿದೆ. ನಾಲ್ಕನೇ ದಿನ ಮಧ್ಯಾಹ್ನ ಒಂದು ಇಪ್ಪತ್ತಕ್ಕೆ ನನ್ನ ಮೇಜಿನ ಮುಂದೆ ಬಂದು ನಿಂತರು. ಸೀಲಿಂಗ್ ನೋಡುತ್ತಾ, ಹಲ್ಲು ಕೀಳಿಸಿಕೊಳ್ಳುವವರ ಮುಖ ಮಾಡಿಕೊಂಡು ಕೇಳಿದರು:

"ಊಟಾ ಆತೇನ?"

"ಆಯ್ತು ಸರ್."

"ಏನ್?"

"ಚಿತ್ರಾನ್ನ."

ಜೇಬಿನಿಂದ ನಂಬರಿನ ನೋಟ್‌ಬುಕ್ ತೆಗೆದು ಬರೆದುಕೊಂಡು ಹೋದರು. ಮರುದಿನ ಅದೇ ಹೊತ್ತಿಗೆ ಬಂದರು. ಅದರ ಮರುದಿನವೂ ಬಂದರು. ನಾಲ್ಕು ದಿನವಾದ ಮೇಲೆ ಇದೆಲ್ಲ ಏನು ಸರ್ ಎಂದು ಕೇಳಿದೆ. "ರಿಜಿಸ್ಟರ್‌ನ್ಯಾಗ ಅಳಸಾಕ ಬರಂಗಿಲ್ಲ," ಎಂದರು. "ನಾ ಊಟಾ ಕೇಳಾಂವ ಅಂತ ಬರದೀಯಲ್ಲ. ಅದನ್ನ ಖರೇ ಮಾಡಬೇಕು. ಬ್ಯಾರೇ ದಾರಿ ಏನೈತಿ?"

ಹೀಗೆ ಏಳು ತಿಂಗಳು ಕೇಳಿದರು. ನಿವೃತ್ತಿಯ ದಿನ ಕೇಕ್ ಕತ್ತರಿಸುವಾಗಲೂ ಚಾಕು ಹಿಡಿದುಕೊಂಡೇ ಕೇಳಿದರು. ಆಂಟಿಗೆ ಹ್ಯೂಸ್ಟನ್ ಕಡೆ ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿ ಇಬ್ಬರೂ ಮಿಸೌರಿ ಸಿಟಿಗೆ ಶಿಫ್ಟ್ ಆದರು. ಮತ್ತೆ ಲಗೇಜಿನ ಜೊತೆ ಹೋದರು. ಅಲ್ಲಿ ಐಸ್ ಬೀಳುವುದಿಲ್ಲ, ಸ್ಟಾಫರ್ಡಿನ ಅಂಗಡಿಯಲ್ಲಿ ಜೋಳದ ಹಿಟ್ಟು ಹಳೆಯದು, ಹತ್ತಿರದಲ್ಲಿ ಒಂದು ಪ್ಯಾಸೆಂಜರ್ ಗಾಡಿಯಿಲ್ಲ ಎಂದು ಗೊಣಗುತ್ತಿದ್ದರು. ನನಗೆ ಡ್ಯೂಟಿಯಿರುವ ದಿನ ಒಂದು ಇಪ್ಪತ್ತಕ್ಕೆ ತಪ್ಪದೆ ಫೋನ್ ಬರುತ್ತಿತ್ತು. ಊಟಾ ಆತೇನ? ಏನ್? ಇಡ್ತೀನಿ. ಮೂರು ವರ್ಷ ಹೀಗೆ ನಡೆಯಿತು. ಹೋದ ನವೆಂಬರಿನಲ್ಲಿ ಒಂದು ದಿನ ಫೋನ್ ಬರಲಿಲ್ಲ. ಸಂಜೆ ಆಂಟಿಯ ಫೋನ್ ಬಂತು.

ಅವರ ಅಂತ್ಯಕ್ರಿಯೆ ಇಪ್ಪತ್ತೈದು ನಿಮಿಷ ತಡವಾಗಿ ಶುರುವಾಯಿತು. ಅವರಿದ್ದಿದ್ದರೆ ಕಾರಣ ಕೇಳಿ ಮೆಮೋ ಕೊಡುತ್ತಿದ್ದರು.

ಮುಂದಿನ ಭಾನುವಾರ ನಾನು ಡ್ರೈವ್ ಮಾಡಿಕೊಂಡು ಮಿಸೌರಿ ಸಿಟಿಯ ಮನೆಗೆ ಹೋದೆ. ಬಂದವರೆಲ್ಲ ಹೊರಟ ಮೇಲೆ ಆಂಟಿ ನನ್ನೆದುರು ಕೂತರು.

"ಒಂದ್ ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ. ಮೂವತ್ತೆಂಟ್ ವರ್ಷ ಸಂಸಾರ ಮಾಡೀನಿ. ನಾ ಎರಡ್ ಪಾಳಿ ಒಮ್ಮೆಲೇ ಮುಗಿಸಿ ಬಂದ್ರೂ ಊಟಾ ಆತೇನ ಅಂತ ಕೇಳಿದ ಮನಶ್ಯಾ ಅಲ್ಲ. ನಿನಗ ದಿನಾ ಕೇಳ್ತಿದ್ರು. ಆಸ್ಪತ್ರ್ಯಾಗ ಕಡೀಗೆ ಕೈ ನಡಗ್ತಿದ್ವು, ನನ್ನ ಕೈಲೇ ನಿನ್ನ ನಂಬರ್ ಹಚ್ಚಿಸ್ಕೊಂಡಾರ. ಯಾಕವಾ?"

ಅವರು ಹೆಂಡತಿಗೂ ಹೇಳಿರಲಿಲ್ಲ. ಹೇಳಿದ್ದರೆ ನನ್ನ ಗುಟ್ಟು ಇನ್ನೊಂದು ಕಿವಿಗೆ ಬಿದ್ದಂತಾಗುತ್ತಿತ್ತು. ನನ್ನಿಂದಾಗಿ ಒಬ್ಬ ಹೆಂಗಸು ಮೂರು ವರ್ಷ ಏನೇನು ಅಂದುಕೊಂಡಿದ್ದರೋ ಎಂದು ನಾಚಿಕೆಯಾಯಿತು. ಐಸಿನ ದಿನದಿಂದ ಶುರುಮಾಡಿ ಎಲ್ಲ ಹೇಳಿದೆ. ಆಂಟಿ ಕಣ್ಣು ಮಿಟುಕಿಸದೆ ಕೇಳಿದರು.

"ಅಂದ್ರ ಅದು ಡ್ಯೂಟಿ?"

"ಹೂಂ ಆಂಟಿ."

"ಥೂ ಇವರ! ನಾ ಪ್ರೀತಿ ಅಂತ ತಿಳ್ಕೊಂಡು ಒಳಗಿಂದೊಳಗ ಕುದ್ದೀನಿ!" ಎಂದು ನಕ್ಕರು. ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗಿ ಒಂದು ಕಟ್ಟು ನೋಟ್‌ಬುಕ್ ತಂದು ನನ್ನ ತೊಡೆಯ ಮೇಲೆ ಹಾಕಿದರು. "ಇದರಾಗ ಏನೈತಿ ನನಗ ತಿಳೀವಲ್ತು, ನೋಡು."

ಪುಟಪುಟವೂ ನನ್ನ ಊಟ. ತಾರೀಕು, ಒಂದು ಇಪ್ಪತ್ತು, ಉಪ್ಪಿಟ್ಟು. ಒಂದು ಇಪ್ಪತ್ತು, ಪುಳಿಯೋಗರೆ. ಒಂದು ಇಪ್ಪತ್ತು, ಪಿಜ್ಜಾ, ಕೆಳಗೆ ಎರಡು ಗೆರೆ. ಕೆಲವು ಕಡೆ "ಆಯ್ತು ಅಂದಳು, ಸುಳ್ಳು" ಎಂದಿತ್ತು. ಆ ಊಹೆಗಳೆಲ್ಲ ಸರಿಯಾಗಿದ್ದವು. ಹಳೆಯ ನೋಟ್‌ಬುಕ್ ಹುಡುಕಿ ಆ ಐಸಿನ ದಿನದ ಪುಟ ತೆಗೆದೆ. ಮೂಲೆಯಲ್ಲಿ ಕೂತೇ ಕೇಳಿಸಿಕೊಂಡು ಬರೆದ ಅರವತ್ಮೂರು ಎಂಬ ನಂಬರ್ ಇತ್ತು. ಅದರ ಮೇಲೆ ಸಿಕ್ಕ ಕಿರಿದಾದ ಜಾಗದಲ್ಲಿ, ಬೇರೆ ಬಣ್ಣದ ಶಾಯಿಯಲ್ಲಿ, ಒತ್ತಿ ಬರೆದ ಒಂದು ಸಾಲು: "1.20. ತಂಗಿಗೆ ಊಟ ಆತೇನು ಅಂತ ಕೇಳಿದೆ." ಪಕ್ಕದಲ್ಲಿ ಪೂರ್ತಿ ಸಹಿ.

ಸೈಕಲ್ ದಾರಿಯಲ್ಲಿ ಇಲ್ಲದ ರೈಲಿಗೆ ಕಾರು ನಿಲ್ಲಿಸುತ್ತಿದ್ದ ಮನುಷ್ಯ ತನ್ನ ಕೈಯಾರೆ ಒಂದು ಸುಳ್ಳು ಬರೆದು ಸಹಿ ಮಾಡಿದ್ದರು. ನಾಳೆ ಯಾರಾದರೂ ನೋಟ್‌ಬುಕ್ ಕೇಳಿದರೆ ನನ್ನ ಮಾತಿಗೂ ಅವರ ಬರಹಕ್ಕೂ ವ್ಯತ್ಯಾಸ ಬರಬಾರದೆಂದು. ನಾನು ಜೋರಾಗಿ ಅತ್ತುಬಿಟ್ಟೆ. ಅವರನ್ನು ನೋಡಿ ನಕ್ಕಿದ್ದೆಲ್ಲ ನೆನಪಾಗಿ ಇನ್ನೂ ಅಳು ಬಂತು. ಆಂಟಿ ಸಮಾಧಾನ ಮಾಡುವ ಗೋಜಿಗೆ ಹೋಗಲಿಲ್ಲ. ಅಡುಗೆಮನೆಯಲ್ಲಿ ಕಟಕ ರೊಟ್ಟಿ ಕಟ್ಟುತ್ತಿದ್ದ ಸದ್ದು ಕೇಳಿಸಿತು.

ಮರುದಿನ, ಸೋಮವಾರ, ಡ್ಯೂಟಿಯಲ್ಲಿದ್ದೆ. ವರ್ಷದ ಮೊದಲ ಐಸ್ ಬೀಳುತ್ತದೆ ಎಂದು ಹವಾಮಾನದವರು ಹೆದರಿಸಿದ್ದರು, ಬೆಳಿಗ್ಗೆಯಿಂದ ಪುರುಸೊತ್ತಿರಲಿಲ್ಲ. ಡಾರ್ಲಾ ಕೇಳುವ ಮೊದಲೇ ನಂಬರ್ ಕೊಡುತ್ತಿದ್ದಳು. ಒಂದು ಇಪ್ಪತ್ತಕ್ಕೆ ನನ್ನ ಫೋನ್ ಹೊಡೆದುಕೊಂಡಿತು. ಪರದೆಯ ಮೇಲೆ ಅವರದೇ ಹೆಸರು.

"ಊಟಾ ಆತೇನವಾ?" ಆಂಟಿಯ ದನಿ.

"ಆಯ್ತು ಆಂಟಿ" ಎಂದೆ, ಅಭ್ಯಾಸಬಲದಿಂದ.

"ಏನ್?"

ಆಂಟಿ ಕಟ್ಟಿಕೊಟ್ಟ ರೊಟ್ಟಿಯ ಡಬ್ಬಿಯನ್ನು ನಾನಿನ್ನೂ ತೆರೆದೇ ಇರಲಿಲ್ಲ.

"ಚಾರ್ಜ್ ತಗೊಂಡೇನಿ ಅಂದಮ್ಯಾಲ ನಂಗೂ ಸುಳ್ಳ ಬರ್ಯಾಕ ಬರಂಗಿಲ್ಲ," ಎಂದರು. "ಡಬ್ಬಿ ತಗಿ. ತಿನ್ನೂತನಾ ನಾ ಲೈನ್‌ನ್ಯಾಗ ಇರ್ತೀನಿ."

ಮುಂದಿನ ಗಾಡಿಗೆ ಇನ್ನೂ ಹನ್ನೆರಡು ನಿಮಿಷವಿತ್ತು. ಫೋನನ್ನು ಮೇಜಿನ ಮೇಲಿಟ್ಟು, ಅವರು ಕೂರುತ್ತಿದ್ದ ಹಾಗೆ ಗೋಡೆಗೆ ಮುಖ ಮಾಡಿ ಕೂತು, ರೊಟ್ಟಿ ಮುರಿದೆ. ಸದ್ದು ಆಚೆಗೂ ಕೇಳಿಸಿರಬೇಕು.

"ಹಾಂ," ಎಂದರು ಆಂಟಿ, "ಬರಕೊಂಡೆ."